ಪೊಸಿಷನ್: ಕೂತ ಜಾಗವಲ್ಲ, ಆಡುವ ಸರದಿ

"ಬಿಗ್ ಬ್ಲೈಂಡ್‌ನಲ್ಲಿದ್ದೆ, ಕೊನೆಗೆ ಆಡುವವನು ನಾನೇ ಆಗಿದ್ದೆ, ಪೊಸಿಷನ್ ಚೆನ್ನಾಗಿತ್ತು, ಅದಕ್ಕೇ ಕಾಲ್ ಮಾಡಿದೆ." ಪೋಕರ್ ಕಲಿಯುತ್ತಿರುವವರು ಹೀಗೆ ಬರೆಯುವುದನ್ನು ಓದಿ ಓದಿ ಸಾಕಾಗಿದೆ. ಬಿಗ್ ಬ್ಲೈಂಡ್ ಅಂದರೆ ಎಲೆ ನೋಡುವ ಮೊದಲೇ ಕಡ್ಡಾಯವಾಗಿ ಪಣ ಕಟ್ಟುವ ಸ್ಥಾನ, ಕಾಲ್ ಅಂದರೆ ಎದುರಾಳಿಯ ಪಣಕ್ಕೆ ಸಮನಾಗಿ ಕಟ್ಟುವುದು. ಇಲ್ಲಿ ಪೊಸಿಷನ್ ಎಂಬ ಪದ ಪೂರಾ ಉಲ್ಟಾ ಬಳಕೆಯಾಗಿದೆ. ಚಿಪ್ಸ್ ಜಾಸ್ತಿ ಇದ್ದರೆ "ಒಳ್ಳೆ ಪೊಸಿಷನ್" ಅನ್ನುವವರೂ ಇದ್ದಾರೆ. ಅದು ಸ್ಟ್ಯಾಕ್ (ನಿಮ್ಮ ಚಿಪ್ಸ್ ರಾಶಿ), ಅದರ ಮಾತು ಬೇರೆ.

ಬಿಗ್ ಬ್ಲೈಂಡ್ ಕೊನೆಗೆ ಆಡುವುದು ಫ್ಲಾಪ್‌ಗೆ ಮುಂಚೆ ಮಾತ್ರ, ಒಂದೇ ಒಂದು ಸುತ್ತು. ಫ್ಲಾಪ್ ಅಂದರೆ ಮೇಜಿನ ಮೇಲೆ ಎಲ್ಲರಿಗೂ ಸೇರಿ ತೆರೆಯುವ ಮೊದಲ ಮೂರು ಎಲೆ, ಟರ್ನ್ ನಾಲ್ಕನೆಯದು, ರಿವರ್ ಐದನೆಯದು. ಫ್ಲಾಪ್, ಟರ್ನ್, ರಿವರ್ ಮೂರರಲ್ಲೂ ಸರದಿ ಶುರುವಾಗುವುದು ಡೀಲರ್ ಬಟನ್ನಿನ (ಹಂಚುವವರ ಸ್ಥಾನ ತೋರಿಸುವ ಬಿಲ್ಲೆ) ಎಡಗಡೆಯಿಂದ. ಸ್ಮಾಲ್ ಬ್ಲೈಂಡ್ (ಚಿಕ್ಕ ಕಡ್ಡಾಯ ಪಣದವರು) ಮೊದಲು, ಆಮೇಲೆ ಬಿಗ್ ಬ್ಲೈಂಡ್, ಕಟ್ಟಕಡೆಗೆ ಬಟನ್. ಪೊಸಿಷನ್ ಅನ್ನುವುದು ಈ ಮೂರು ಸುತ್ತಿನ ಸರದಿಗೆ; ಎದುರಾಳಿಗಿಂತ ನಂತರ ಆಡುವವರಿಗೆ ಪೊಸಿಷನ್ ಇದೆ ಅನ್ನುತ್ತಾರೆ.

ಒಂದು ಆಟ ನೋಡಿ. ಬಟನ್‌ನಲ್ಲಿರುವವರು ರೇಸ್ ಮಾಡಿದರು (ಪಣ ಏರಿಸಿದರು), ಸ್ಮಾಲ್ ಬ್ಲೈಂಡ್ ಫೋಲ್ಡ್ (ಎಲೆ ಬಿಟ್ಟು ಹೊರಗೆ). ಬಿಗ್ ಬ್ಲೈಂಡ್‌ನಲ್ಲಿರುವ ನೀವು ಗುಲಾಮ-ಹತ್ತು ಹಿಡಿದು ಕಾಲ್ ಮಾಡಿದಿರಿ. ಫ್ಲಾಪ್‌ನಲ್ಲಿ ರಾಣಿ, ಹತ್ತು, ನಾಲ್ಕು. ನಿಮ್ಮದು ನಡುವಿನ ಜೋಡಿ. ಬೆಟ್ ಮಾಡಿದರೆ ರಾಣಿ ಇರುವವರಿಂದ ರೇಸ್ ಬರಬಹುದು. ಚೆಕ್ ಮಾಡಿದರೆ, ಅಂದರೆ ಪಣ ಕಟ್ಟದೆ ಸರದಿ ದಾಟಿಸಿದರೆ, ಅವರು ತಮಗೆ ಬೇಕಾದಂತೆ ಬೆಟ್ ಮಾಡುತ್ತಾರೆ, ಬೇಡವೆಂದರೆ ತಾವೂ ಚೆಕ್ ಮಾಡಿ ಮುಂದಿನ ಎಲೆಯನ್ನು ಪುಕ್ಕಟೆ ನೋಡುತ್ತಾರೆ. ಪ್ರತಿ ಸುತ್ತಲ್ಲೂ ನಿಮ್ಮ ತೀರ್ಮಾನ ನೋಡಿಕೊಂಡೇ ಅವರ ತೀರ್ಮಾನ. ಪೊಸಿಷನ್ ಇರುವುದು ಅವರಿಗೆ. ನೀವು ಕಾಲ್ ಮಾಡಿದ್ದೇ ತಪ್ಪು ಅಂತಲ್ಲ: ಬಿಗ್ ಬ್ಲೈಂಡ್‌ನವರ ಒಂದಷ್ಟು ಚಿಪ್ಸ್ ಆಗಲೇ ಒಳಗಿರುತ್ತದೆ, ಹಾಗಾಗಿ ಕಾಲ್ ಅಗ್ಗಕ್ಕೆ ಸಿಗುತ್ತದೆ. ಕಾರಣ ಆ ರಿಯಾಯಿತಿ, ಪೊಸಿಷನ್ ಅಲ್ಲ.

ಇನ್ನು ಆರಂಭದಲ್ಲಿ ಪ್ರತಿಯೊಬ್ಬರ ಕೈಗೆ ಬರುವ ಎರಡೆಲೆ. ಸಾಧ್ಯವಿರುವ 1,326 ಜೋಡಣೆಗಳನ್ನು 169 ಬಗೆಗೆ ಇಳಿಸಿ, "ಆಡಬೇಕಾದ ಟಾಪ್ 20" ಎಂದು ಪಟ್ಟಿ ಹಂಚುತ್ತಾರೆ. ಯಾವ ಸರದಿಯಲ್ಲಿ ಎಂದು ಹೇಳದ ಪಟ್ಟಿ ಅರ್ಧ ಪಟ್ಟಿ. ಎಕ್ಕ-ಒಂಬತ್ತು, ಬೇರೆ ಬೇರೆ ಜಾತಿಯ ಎಲೆ ಅಂದುಕೊಳ್ಳಿ. ಒಂಬತ್ತು ಜನರ ಟೇಬಲ್ಲಿನಲ್ಲಿ ಬಿಗ್ ಬ್ಲೈಂಡ್‌ನ ಎಡಪಕ್ಕ, ಅಂದರೆ ಫ್ಲಾಪ್‌ಗೆ ಮುಂಚೆ ಮೊದಲು ಆಡುವ ಅಂಡರ್ ದ ಗನ್‌ನಲ್ಲಿ ಕೂತಿದ್ದರೆ ನಿಮ್ಮ ನಂತರ ಇನ್ನೂ 8 ಜನ ಆಡುವವರಿದ್ದಾರೆ. ಅವರಲ್ಲೊಬ್ಬರ ಹತ್ತಿರ ಎಕ್ಕ-ರಾಣಿ ಇದ್ದು ಫ್ಲಾಪ್‌ನಲ್ಲಿ ಎಕ್ಕ ಬಿದ್ದರೆ ನಿಮಗೆ ಆಸರೆ ಬಹುಪಾಲು ಉಳಿದ 3 ಒಂಬತ್ತುಗಳದ್ದೇ. ಅಲ್ಲಿ ಅದನ್ನು ಬಿಸಾಕಿ. ಅದೇ ಎರಡೆಲೆ ಬಟನ್‌ನಲ್ಲಿ ಬಂದು, ನಿಮಗಿಂತ ಮೊದಲು ಆಡಿದವರೆಲ್ಲ ಫೋಲ್ಡ್ ಆಗಿದ್ದರೆ, ಉಳಿದವರು ಇಬ್ಬರೇ. ಅವರಿಬ್ಬರೂ ಫ್ಲಾಪ್ ಆದಮೇಲೆ ನಿಮಗಿಂತ ಮೊದಲು ಆಡಬೇಕು. ಧಾರಾಳವಾಗಿ ರೇಸ್ ಮಾಡಿ.

"ಸೂಟೆಡ್ ಇತ್ತಲ್ಲ" (ಎರಡೂ ಎಲೆ ಒಂದೇ ಜಾತಿ) ಎಂಬ ಸಮಜಾಯಿಷಿಯೂ ಬೇಡ. ಸೂಟೆಡ್ ಎರಡೆಲೆಗೆ ಫ್ಲಾಪ್‌ನಲ್ಲೇ ಫ್ಲಷ್ (ಒಂದೇ ಜಾತಿಯ ಐದೆಲೆ) ಬೀಳುವುದು ಶೇ. 1ಕ್ಕಿಂತ ಕಡಿಮೆ.

ಪೊಸಿಷನ್ ಯಾರ ಸ್ವತ್ತೂ ಅಲ್ಲ. ಬಟನ್ ಪ್ರತಿ ಆಟಕ್ಕೂ ಒಂದು ಸ್ಥಾನ ಎಡಕ್ಕೆ ಸರಿಯುತ್ತದೆ. ಬಟನ್‌ನವರು ಫೋಲ್ಡ್ ಆದರೆ ಬಲಪಕ್ಕದ ಕಟ್‌ಆಫ್‌ನವರೇ ಕೊನೆಯವರಾಗುತ್ತಾರೆ. ಹಾಗಾಗಿ "ನನಗೆ ಪೊಸಿಷನ್ ಇತ್ತು" ಅಂದರೆ ಸಾಲದು, ಯಾರ ಮೇಲೆ ಇತ್ತು ಎಂದೂ ಹೇಳಬೇಕು.