ಬೆನಿನ್‌ನಲ್ಲಿ ಗೇರುಬೀಜದ ಕಾರ್ಖಾನೆಗಳು ಬಂದವು, ಪಳಗಿದ ಕೈಗಳು ಉಳಿಯುತ್ತವೆಯೇ?

ಮಂಗಳೂರು, ಕುಂದಾಪುರ, ಕಾರ್ಕಳ ಕಡೆಯ ಕಾರ್ಖಾನೆಗಳಿಗೆ ನಮ್ಮ ಗುಡ್ಡದ ಗೇರುಬೀಜ ಸಾಲುವುದಿಲ್ಲ. ಪಶ್ಚಿಮ ಆಫ್ರಿಕಾದಿಂದ ಹಡಗಿನಲ್ಲಿ ಬಂದರೇ ಕೆಲಸ ಸಾಗುವುದು. ಬಂದ ಬೀಜವನ್ನು ಕತ್ತರಿಸಿ ಗುಣಮಟ್ಟ ನೋಡುವುದು ನನ್ನ ಕಸುಬು. ಅದರಲ್ಲೂ ಅಲ್ಲಿನ ಬೆನಿನ್ ದೇಶದ ಬೀಜ ಅಂದರೆ ನಮ್ಮ ವ್ಯಾಪಾರಿಗಳಿಗೆ ಒಲವು ಜಾಸ್ತಿ. ಒಳ್ಳೆಯ ಸರಕಾದರೆ 80 ಕಿಲೋ ಚೀಲಕ್ಕೆ 47-48 ಪೌಂಡ್ ತಿರುಳು ಸಿಗುತ್ತಿತ್ತು.

2024ರ ಏಪ್ರಿಲ್ 1ರಿಂದ ಬೆನಿನ್ ಸರ್ಕಾರ ಕಚ್ಚಾ ಗೇರುಬೀಜದ ರಫ್ತು ನಿಲ್ಲಿಸಿತು. ಸೋಯಾಕ್ಕೂ ಅದೇ ನಿಯಮ. ಅಲ್ಲಿನ ದೊಡ್ಡ ನಗರ ಕೊಟೊನೂ ಹತ್ತಿರದ ಗ್ಲೊ-ಜಿಗ್ಬೆಯಲ್ಲಿ ಅರೈಸ್ ಕಂಪನಿ ಜೊತೆ ಸೇರಿ ದೊಡ್ಡ ಕೈಗಾರಿಕಾ ವಲಯ ಕಟ್ಟಿದ್ದಾರೆ. ಗೋಡಂಬಿ ಅಲ್ಲೇ ಆಗಬೇಕು, ಹತ್ತಿ ಅಲ್ಲೇ ಬಟ್ಟೆಯಾಗಬೇಕು ಅನ್ನುವುದು ಆಸೆ. ನಮ್ಮ ಕಡೆ ಹಲವರು ಬೇಸರಪಟ್ಟರು. ನನಗೆ ಇದು ನ್ಯಾಯವಾಗಿಯೇ ಕಾಣುತ್ತದೆ. ಬೀಜ ಮಾತ್ರ ಕಳಿಸಿಕೊಡುವ ದೇಶ, ಆ ಬೀಜದ ಕೂಲಿಯನ್ನೂ ಹೊರಗೆ ಕಳಿಸಿಬಿಡುತ್ತದೆ.

ಆದರೆ ರಫ್ತು ನಿಲ್ಲಿಸಿದರೆ ಕಾರ್ಖಾನೆಗೆ ಬೀಜ ಸಿಗುತ್ತದೆ ಅಷ್ಟೇ. ಪಳಗಿದ ಕೈ ಸಿಗುವುದಿಲ್ಲ.

ಸಿಪ್ಪೆ ತೆಗೆಯುವ ಕೆಲಸವನ್ನೇ ನೋಡಿ. ಬೀಜವನ್ನು ಹಬೆಯಲ್ಲಿ ಬೇಯಿಸಿ, ಒಡೆದು, ತಿರುಳನ್ನು ಬೋರ್ಮಾ ಅನ್ನುವ ಬಿಸಿಗೂಡಿನಲ್ಲಿ ಒಣಗಿಸಿದ ಮೇಲೂ ಅದಕ್ಕೆ ತೆಳ್ಳಗಿನ ಕೆಂಪು ಸಿಪ್ಪೆ ಅಂಟಿರುತ್ತದೆ. ಯಂತ್ರ ಬಿಟ್ಟದ್ದನ್ನು ಸಣ್ಣ ಚೂರಿ ಹಿಡಿದು ಕೈಯಲ್ಲೇ ಕೆರೆಯಬೇಕು. ಸ್ವಲ್ಪ ಒತ್ತು ಹೆಚ್ಚಾದರೆ ತಿರುಳು ಎರಡು ಹೋಳು. ಇಡೀ ತಿರುಳಿಗೂ ತುಂಡಿಗೂ ದರದಲ್ಲಿ ದೊಡ್ಡ ಅಂತರ. ಈ ಹದ ಕೈಗೆ ಬರಲು ತಿಂಗಳುಗಳೇ ಬೇಕು. ಕಾರ್ಖಾನೆಯ ಲಾಭ ಉಳಿಯುವುದೂ ಹೋಗುವುದೂ ಸಿಪ್ಪೆ ತೆಗೆಯುವ ಹೆಂಗಸರ ಬೆರಳ ತುದಿಯಲ್ಲಿ.

ಅದಕ್ಕೇ ಬೆನಿನ್‌ನ ಕಾರ್ಮಿಕ ಕಾನೂನು ನನ್ನಂಥವನಿಗೂ ಮುಖ್ಯವಾಗುತ್ತದೆ. 2017ರ ಕಾನೂನಿನ ಪ್ರಕಾರ ನಿಗದಿತ ಅವಧಿಯ ಗುತ್ತಿಗೆಯನ್ನು ಎಷ್ಟು ಸಲ ಬೇಕಾದರೂ ಮುಂದುವರಿಸಬಹುದು, ಕಾಯಂ ಮಾಡಲೇಬೇಕೆಂದಿಲ್ಲ. 2018ರ ಕಾನೂನು ಮುಷ್ಕರಕ್ಕೆ ಮಿತಿ ಹಾಕಿತು: ತಿಂಗಳಿಗೆ 2 ದಿನ, ಅರ್ಧ ವರ್ಷಕ್ಕೆ 7 ದಿನ, ವರ್ಷಕ್ಕೆ 10 ದಿನ. ಬಂಡವಾಳ ಹಾಕುವವರಿಗೆ ಇದು ಧೈರ್ಯ ಕೊಡುತ್ತದೆ, ಒಪ್ಪೋಣ. ಕೆಲಸಗಾರರ ಕಡೆಗೂ ಒಂದಿಷ್ಟು ಬಂದಿದೆ. 2023ರಲ್ಲಿ ತಿಂಗಳ ಕನಿಷ್ಠ ವೇತನ 40,000 ಫ್ರಾಂಕ್‌ (ಅಲ್ಲಿನ ಹಣ) ನಿಂದ 52,000ಕ್ಕೆ ಏರಿತು. ಆದರೆ 2024ರ ಏಪ್ರಿಲ್ ಕೊನೆಯಲ್ಲಿ, ರಫ್ತು ನಿಂತ ಅದೇ ತಿಂಗಳು, ಬೆಲೆಯೇರಿಕೆ ವಿರುದ್ಧ ಕೊಟೊನೂದಲ್ಲಿ ಮೆರವಣಿಗೆ ಹೊರಟ ಕಾರ್ಮಿಕ ಸಂಘಗಳ ಮುಖಂಡರನ್ನು ಪೊಲೀಸರು ಹಿಡಿದರು.

ಸಂಘ ಅಂದ ಕೂಡಲೇ ಕೆಲಸ ನಿಲ್ಲಿಸುವವರು ಅಂತ ನಮ್ಮ ಮಾಲೀಕರೂ ಸುಮ್ನೆ ಅಂದುಕೊಳ್ಳುತ್ತಾರೆ. ಗೋಡಂಬಿ ಉದ್ಯಮದಲ್ಲಿ ಇದು ತಪ್ಪು ಲೆಕ್ಕ. ತೂಕದಲ್ಲಿ ಮೋಸ, ಕೂಲಿ ದರ, ಚಿಪ್ಪಿನ ಎಣ್ಣೆಗೆ ಕೈ ಸುಡುವುದು, ಹೊಗೆ, ಇವುಗಳ ಬಗ್ಗೆ ಮಾತಾಡಲು ಒಂದು ಜಾಗ ಇದ್ದರೆ ಹೆಣ್ಣುಮಕ್ಕಳು ಕೆಲಸದಲ್ಲಿ ಉಳಿಯುತ್ತಾರೆ. ಇಲ್ಲದಿದ್ದರೆ ಮುಷ್ಕರವನ್ನೇನೂ ಮಾಡುವುದಿಲ್ಲ, ನಾಳೆಯಿಂದ ಬರುವುದಿಲ್ಲ ಅಷ್ಟೇ. ಅವರ ಜಾಗಕ್ಕೆ ಹೊಸಬರು ಬಂದರೆ ತುಂಡು ಹೆಚ್ಚುತ್ತದೆ. ಮುಷ್ಕರದ ದಿನ ಎಣಿಸುವ ಕಾನೂನು ಈ ನಷ್ಟವನ್ನು ಎಣಿಸುವುದಿಲ್ಲ ಅಲ್ವಾ?

ರೈತರನ್ನೂ ಮರೆಯುವಂತಿಲ್ಲ. ಬೆನಿನ್‌ನ ಪರಾಕು ಪಟ್ಟಣದ ಸುತ್ತಲಿನ ಗೇರು ಬೆಳೆಗಾರರು ಈಗ ಒಳಗಿನ ಖರೀದಿದಾರರಿಗೇ ಮಾರಬೇಕು. ದರ ಕಡಿಮೆಯಾದರೆ ಬೀಜ ಗಡಿ ದಾಟಿ ನೈಜೀರಿಯಾಕ್ಕೋ ಟೋಗೊಗೋ ಹೋಗುತ್ತದೆ, ಆಗ ಕಾರ್ಖಾನೆ ಖಾಲಿ.

ಅಲ್ಲಿಂದ ತಿರುಳು ತರಿಸುವ ಯೋಚನೆಯಲ್ಲಿರುವ ನಮ್ಮವರಿಗೆ ನಾನು ಹೇಳುವುದಿಷ್ಟು: ಸ್ಯಾಂಪಲ್ ಜೊತೆ, ಸಿಪ್ಪೆ ತೆಗೆಯುವವರಲ್ಲಿ ಹೋದ ಸುಗ್ಗಿಯಿಂದ ಎಷ್ಟು ಜನ ಉಳಿದಿದ್ದಾರೆ ಅಂತ ಕೇಳಿ. ಉತ್ತರ ಕೊಡಲಾಗದ ಕಾರ್ಖಾನೆಗೆ ದೊಡ್ಡ ಆರ್ಡರ್ ಕೊಡಬೇಡಿ.