ಕಳೆದು ಉಳಿದದ್ದೇ ನದಿ

ನಂದಿಬೆಟ್ಟಕ್ಕೆ ಹೋದವರಿಗೆ ಕಲ್ಲುಕಟ್ಟಿನ ಕೊಳವೊಂದನ್ನು ತೋರಿಸಿ "ಅರ್ಕಾವತಿ ಹುಟ್ಟೋದು ಇಲ್ಲೇ" ಎನ್ನುತ್ತಾರೆ. ಕೈಮುಗಿಯುವವರು ಮುಗಿಯಲಿ, ತಕರಾರಿಲ್ಲ. ಆದರೆ ನಾಳೆ ಆ ಕೊಳಕ್ಕೆ ಮಣ್ಣು ತುಂಬಿದರೂ ಅರ್ಕಾವತಿಗೆ ಹೇಳಿಕೊಳ್ಳುವಂಥ ನಷ್ಟವೇನೂ ಆಗದು. ದೊಡ್ಡಬಳ್ಳಾಪುರದ ರಾಗಿ ಹೊಲ, ನೆಲಮಂಗಲದ ನೀಲಗಿರಿ ತೋಪು, ಹೆಸರಘಟ್ಟದ ಹುಲ್ಲುಗಾವಲು, ಶಿವಗಂಗೆಯ ಬಂಡೆ, ಇವೆಲ್ಲದರ ಮೇಲೆ ಬಿದ್ದ ಮಳೆ ತಗ್ಗು ಹುಡುಕಿಕೊಂಡು ಬಂದು ಒಂದಾಗುತ್ತದಲ್ಲ, ಆ ಇಡೀ ನೆಲವೇ ಅದರ ಉಗಮ. ಉಗಮವನ್ನು ಬೆಟ್ಟದ ಮೇಲಿನ ಒಂದು ಮೂಲೆಗೆ ಕಟ್ಟಿಹಾಕಿದರೆ ಒಂದು ಅನುಕೂಲವಂತೂ ಇದೆ. ಕಾಯುವ ಹೊಣೆ ಆ ಮೂಲೆಯದ್ದಾಗುತ್ತದೆ, ಕೆಳಗಿನವರೆಲ್ಲ ನಿಶ್ಚಿಂತೆಯಿಂದ ಬೋರು ಕೊರೆಸಬಹುದು.

ಬೆಂಗಳೂರಿಗೆ ಮೊದಲು ಕೊಳಾಯಿ ನೀರು ಕೊಟ್ಟದ್ದು ಇದೇ ಅರ್ಕಾವತಿ. 1894ರಲ್ಲಿ ಹೆಸರಘಟ್ಟ, ಅದು ಸಾಲದಾದಾಗ 1933ರಲ್ಲಿ ತಿಪ್ಪಗೊಂಡನಹಳ್ಳಿ. ಶಿವಗಂಗೆಯ ಕಡೆಯಿಂದ ಬರುವ ಕುಮುದ್ವತಿಯೂ ತಿಪ್ಪಗೊಂಡನಹಳ್ಳಿಯಲ್ಲೇ ಸೇರುತ್ತದೆ. 1970ರ ದಶಕದಲ್ಲಿ ಕಾವೇರಿ ನೀರು ಬರುವ ತನಕ ರಾಜಧಾನಿಯ ದಾಹ ನೀಗಿದ್ದು ಮುಖ್ಯವಾಗಿ ಈ ಎರಡು ಜಲಾಶಯಗಳಿಂದ. ಆಮೇಲೆ ಒಳಹರಿವು ವರ್ಷದಿಂದ ವರ್ಷಕ್ಕೆ ಇಳಿಯುತ್ತ ಹೋಯಿತು. ಏಕೆ ಎಂದು ಯಾರನ್ನೇ ಕೇಳಿ, ಉತ್ತರ ಬಾಯಲ್ಲೇ ಇರುತ್ತದೆ: "ಮೊದಲಿನ ಹಾಗೆ ಮಳೆ ಎಲ್ಲಿದೆ ಸ್ವಾಮಿ?"

ಮಳೆ ಇದೆ. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಇತರರ ಜೊತೆಗೂಡಿ 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನು ಪೊಲೀಸರ ತನಿಖೆಯಷ್ಟೇ ಶಿಸ್ತಿನಿಂದ ನೋಡಿತು. ಮಳೆಯ ಇಳಿಕೆ, ಬಿಸಿಲಿನ ಏರಿಕೆ, ಅಂತರ್ಜಲ ಎತ್ತುವಿಕೆ, ನೀಲಗಿರಿ, ಹಳ್ಳಕ್ಕೆ ಅಡ್ಡ ಕಟ್ಟಿದ ಚೆಕ್ ಡ್ಯಾಮು ಎಲ್ಲವನ್ನೂ ಕಟಕಟೆಗೆ ಹತ್ತಿಸಿ ಒಂದೊಂದನ್ನೇ ವಿಚಾರಿಸಿದರು. ಮಳೆ, ಬಿಸಿಲು ಮುಖ್ಯ ಅಪರಾಧಿಗಳಲ್ಲವೆಂದು ಬಿಡುಗಡೆಯಾದವು. ಉಳಿದವು ಮೂರು, ಮೂರೂ ಮನುಷ್ಯರ ಕೈಕೆಲಸ. ಅವುಗಳಲ್ಲೂ ಬೋರು ಮತ್ತು ನೀಲಗಿರಿಯ ಮೇಲಿನ ಸಂಶಯವೇ ಗಟ್ಟಿ.

ಇಲ್ಲೊಂದು ಲೆಕ್ಕ ಮಾಡಲೇಬೇಕು, ನನಗೆ ಇಡೀ ವಿಷಯದಲ್ಲಿ ಅತ್ಯಂತ ಇಷ್ಟವಾದ ಭಾಗ ಇದೇ. ತಿಪ್ಪಗೊಂಡನಹಳ್ಳಿಯ ಜಲಾನಯನ ಸುಮಾರು 1,450 ಚದರ ಕಿಲೋಮೀಟರ್. ಅಷ್ಟು ನೆಲದ ಮೇಲೆ ಒಂದೇ ಒಂದು ಮಿಲಿಮೀಟರ್ ಮಳೆ ಬಿದ್ದರೆ 145 ಕೋಟಿ ಲೀಟರ್. ಈ ಸೀಮೆಯಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 800 ಮಿಲಿಮೀಟರ್ ಬೀಳುತ್ತದೆ. ಟಿಎಂಸಿಯಲ್ಲಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಹೇಳುವುದಾದರೆ 40 ಚಿಲ್ಲರೆ. ಜಲಾಶಯ ಹಿಡಿಯುವುದು ಸುಮಾರು 3. ಅಂದರೆ 800 ಮಿಲಿಮೀಟರಿನಲ್ಲಿ ಬರೀ 60 ಮಿಲಿಮೀಟರಿನಷ್ಟು ಹರಿದು ಬಂದರೆ ಸಾಕು, ಜಲಾಶಯ ತುಂಬಿ ತುಳುಕುತ್ತದೆ! ಉಳಿದ 740 ಎಲ್ಲಿ ಹೋಯಿತು? ರಾಗಿ ಕುಡಿಯಿತು, ಹುಲ್ಲು ಕುಡಿಯಿತು, ಮರ ಕುಡಿಯಿತು, ಬಿಸಿಲು ಹೀರಿತು.

ಈಗ ಇದನ್ನು ತಿರುಗಿಸಿ ನೋಡಿ. ನದಿ ಎಂಬುದು ಒಂದು ದೊಡ್ಡ ಕಳೆಯುವ ಲೆಕ್ಕದ ಪುಟ್ಟ ಶೇಷ. ನೆಲದ ಮೇಲಿನ ಬಳಕೆ 740ರಿಂದ 800ಕ್ಕೆ ಏರಿದರೆ, ಎಂದರೆ ನೂರಕ್ಕೆ ಬರೀ ಎಂಟರಷ್ಟು ಹೆಚ್ಚಾದರೆ, ಶೇಷ ಸೊನ್ನೆ. ಹೊಲದವನಿಗೆ ಅದು ಗಮನಕ್ಕೇ ಬಾರದಷ್ಟು ಸಣ್ಣ ಬದಲಾವಣೆ, ನದಿಗೆ ಅದೇ ಸರ್ವಸ್ವ. ಆದ್ದರಿಂದಲೇ ಅರ್ಕಾವತಿಯನ್ನು ನುಂಗಿದವರು ಯಾರು ಎಂದು ಹುಡುಕಿದರೆ ಒಬ್ಬನೂ ಸಿಗುವುದಿಲ್ಲ. ಎಲ್ಲರೂ ಒಂದೊಂದು ಗುಟುಕು ಹೆಚ್ಚಿಗೆ ಕುಡಿದಿದ್ದಾರೆ, ಅಷ್ಟೆ.

ಗುಟುಕು ಹೆಚ್ಚಾದದ್ದು ಹೇಗೆ? ಬಯಲುಸೀಮೆಯ ಈ ಭಾಗದಲ್ಲಿ ಮೇಲ್ಮಣ್ಣಿನ ಕೆಳಗೆ ಶಿಥಿಲಗೊಂಡ ಕಲ್ಲಿನ ಪದರವೊಂದಿದೆ, ಅದರ ಕೆಳಗೆ ಗಟ್ಟಿ ಬಂಡೆ. ನೀರು ಧಾರಾಳವಾಗಿ ನಿಲ್ಲುವುದು ಶಿಥಿಲ ಪದರದಲ್ಲಿ. ಬಂಡೆಯಲ್ಲಿ ಬಿರುಕುಗಳಿದ್ದಲ್ಲಿ ಮಾತ್ರ, ಅದೂ ಆಳಕ್ಕೆ ಹೋದಂತೆ ಕಡಿಮೆ. ನೆಲದಡಿ ನದಿ ಹರಿಯುತ್ತದೆಂಬ ನಂಬಿಕೆಗೆ ಆಧಾರವಿಲ್ಲ. ಅಂಗೈಯ ಮೇಲೆ ತೆಂಗಿನಕಾಯಿ ಎದ್ದು ನಿಂತ ಕಡೆ ಬೋರು ಹೊಡೆಸುವವರಿಗೆ ಆಗಾಗ ನೀರು ಸಿಗುತ್ತದೆ, ನಿಜ. ಈ ನೆಲದಲ್ಲಿ ಕಣ್ಣುಮುಚ್ಚಿ ಕೊರೆದರೂ ಆಗಾಗ ನೀರು ಸಿಗುತ್ತದೆ. ಫೇಲಾದ ಬೋರುಗಳನ್ನು ಲೆಕ್ಕವಿಟ್ಟವರು ತೆಂಗಿನಕಾಯಿಗೆ ಕೊಡುವ ದಕ್ಷಿಣೆ ಉಳಿಸಿಯಾರು.

ಹಿಂದೆ ಮಳೆಗಾಲ ಮುಗಿಯುವ ಹೊತ್ತಿಗೆ ಶಿಥಿಲ ಪದರ ತುಂಬಿ, ಸೇದುವ ಬಾವಿಗಳಲ್ಲಿ ನೀರು ಕೈಗೆಟಕುವಂತಿರುತ್ತಿತ್ತು. ತಗ್ಗಿನ ಜಾಗಗಳಲ್ಲಿ ಅದೇ ನೀರು ಜಿನುಗಿ ಹಳ್ಳಕ್ಕೆ ಇಳಿಯುತ್ತಿತ್ತು. ನೆನೆದ ನೆಲದ ಮೇಲೆ ಬಿದ್ದ ಮಳೆ ಒಳಗಿಳಿಯಲು ಜಾಗವಿಲ್ಲದೆ ಹರಿದು ಹೋಗುತ್ತಿತ್ತು. ಈಗ ನೀರಿನ ಮಟ್ಟ ನೂರಾರು ಅಡಿ ಕೆಳಗೆ. ಹೊಸ ಮಣ್ಣಿನ ಮಡಕೆಗೆ ನೀರು ಹಾಕಿದರೆ ಮೊದಲು ಮಡಕೆಯೇ ಕುಡಿಯುತ್ತದೆ, ಅದರ ಹೊಟ್ಟೆ ತುಂಬಿದ ಮೇಲೆ ತಾನೇ ಹೊರಮೈ ಬೆವರುವುದು? ನಮ್ಮ ಹಳ್ಳಗಳ ತಳ ಈಗ ಅಂಥ ಮಡಕೆ. ಮುಂಗಾರಿನ ನೀರನ್ನು ಪೂರ್ತಿ ಕುಡಿದು ಹಿಂಗಾರಿಗೂ ಬಾಯಿ ತೆರೆದುಕೊಂಡಿರುತ್ತದೆ. "ಇಂಗಿದರೆ ಒಳ್ಳೆಯದೇ ಅಲ್ಲವೆ, ಅಂತರ್ಜಲ ಏರುತ್ತದೆ" ಎನ್ನುವವರಿದ್ದಾರೆ. ಏರುವ ಮೊದಲೇ ಪಂಪು ಅದನ್ನು ಮೇಲೆತ್ತಿ ದ್ರಾಕ್ಷಿ ಚಪ್ಪರಕ್ಕೋ ಹಿಪ್ಪುನೇರಳೆಗೋ ಹಸುವಿನ ಮೇವಿಗೋ ಕೊಡುತ್ತದೆ, ಎಲೆಗಳು ಅದನ್ನು ಗಾಳಿಗೆ ಬಿಡುತ್ತವೆ. ಅರ್ಕಾವತಿ ಈಗಲೂ ಹರಿಯುತ್ತಿದೆ, ಆಕಾಶದ ಕಡೆಗೆ. ಬೇರನ್ನು ಆಳಕ್ಕೆ ಇಳಿಸುವ ನೀಲಗಿರಿ ವಿದ್ಯುತ್ತಿಲ್ಲದೆಯೇ ಇದೇ ಕೆಲಸ ಮಾಡುತ್ತದೆ. ರಾಜ್ಯ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಕೊರೆದ ಬೋರುಗಳನ್ನು ನಿಷೇಧಿಸುವುದು ಅಷ್ಟು ಸುಲಭವಲ್ಲ.

ಮೇಲಿನವನ ಬಳಕೆ ಕೆಳಗಿನವನ ಬರ ಎಂಬುದು ನಮ್ಮವರಿಗೆ ತಿಳಿಯದ ವಿಷಯವೇನೂ ಆಗಿರಲಿಲ್ಲ. ಆಂಧ್ರದ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ಸಂಸ್ಕೃತ ಶಾಸನವೊಂದಿದೆ. ವಿಜಯನಗರದ ಬುಕ್ಕನ ಮಗ ಭಾಸ್ಕರ ಕಟ್ಟಿಸಿದ ಕೆರೆಯದು. ದಿನಕ್ಕೆ ಸಾವಿರ ಆಳು, ಕಲ್ಲು ಹೇರಲು ನೂರು ಬಂಡಿ, ಎರಡು ವರ್ಷದ ಕೆಲಸ. ಒಳ್ಳೆಯ ಕೆರೆಗೆ ಇರಬೇಕಾದ ಹನ್ನೆರಡು ಅಂಗಗಳನ್ನೂ ಇರಬಾರದ ಆರು ದೋಷಗಳನ್ನೂ ಆ ಶಾಸನ ಎಣಿಸುತ್ತದೆ. ಏರಿ ಜಿನುಗುವುದು, ಮಣ್ಣು ಚೌಳಾಗಿರುವುದು ಇಂಥವುಗಳ ಸಾಲಿನಲ್ಲೇ ಇನ್ನೊಂದು ದೋಷ: ಕೆರೆ ಎರಡು ರಾಜ್ಯಗಳ ಗಡಿಯಲ್ಲಿರುವುದು. ಏರಿಯ ಬಿರುಕನ್ನೂ ರಾಜಕೀಯದ ಬಿರುಕನ್ನೂ ಒಂದೇ ಪಟ್ಟಿಯಲ್ಲಿಟ್ಟ ಆ ಎಂಜಿನಿಯರ್ ಯಾರೋ, ಅವನಿಗೆ ನಮಸ್ಕಾರ.

ಐನೂರು ವರ್ಷಗಳ ನಂತರ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಸ್ಯಾಂಕಿ ಈ ನಾಡನ್ನು ಸುತ್ತಿ ಬೆರಗಾದ. ಹೊಸ ಕೆರೆಗೆ ಜಾಗ ಹುಡುಕುವುದೇ ಇಲ್ಲಿ ಕಷ್ಟ, ಎಲ್ಲಿ ಕಟ್ಟಿದರೂ ಅದೇ ಕಣಿವೆಯ ಕೆಳಗಿನ ಇನ್ನೊಂದು ಕೆರೆಯ ನೀರಿಗೆ ಅಡ್ಡಬಂದಂತಾಗುತ್ತದೆ ಎಂದು ಬರೆದ. ಮೇಲಿನ ಕೆರೆ ಕೋಡಿ ಬಿದ್ದರೆ ಆ ನೀರು ರಾಜಕಾಲುವೆಯಲ್ಲಿ ಕೆಳಗಿನ ಕೆರೆಗೆ, ಅದು ಕೋಡಿ ಬಿದ್ದರೆ ಅದರ ಕೆಳಗಿನದಕ್ಕೆ. ಹಾಗಾಗಿ ಕೋಡಿಯ ಎತ್ತರ ಎಂಬುದು ಎರಡು ಊರುಗಳ ನಡುವಿನ ಒಪ್ಪಂದ, ಕಲ್ಲಿನಲ್ಲಿ ಬರೆದದ್ದು. ರಾತ್ರೋರಾತ್ರಿ ಕೋಡಿಗೆ ಮರಳು ಮೂಟೆ ಪೇರಿಸಿ ಒಂದಡಿ ನೀರು ಹೆಚ್ಚಿಗೆ ನಿಲ್ಲಿಸಿಕೊಂಡರೆ ಕೆಳಗಿನೂರಿನವರು ಬಡಿಗೆ ಹಿಡಿದು ಬರುತ್ತಿದ್ದರು, ಬರಲೂ ಬೇಕು. ಇದೇ ಜಗಳ ದೊಡ್ಡದಾಗಿ ಬೆಳೆದು 1892ರಲ್ಲಿ ಮೈಸೂರು–ಮದರಾಸು ನದಿನೀರಿನ ಒಪ್ಪಂದವಾಯಿತು ಎಂಬುದು ಕಾವೇರಿ ಗಲಾಟೆಯಲ್ಲಿ ನಾವು ಮರೆಯುವ ಸಂಗತಿ. ಪಾಲಾರ್ ನದಿ ಕೂಡ ಆ ಒಪ್ಪಂದದೊಳಗಿದೆ.

ಊರೊಳಗಿನ ಪಾಲು ನೋಡಿಕೊಳ್ಳಲು ನೀರುಗಂಟಿ ಇದ್ದ. ತೂಬು ಎತ್ತುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನಿರ್ಧರಿಸುವುದು, ಮಳೆ ಜೋರಾದ ರಾತ್ರಿ ಏರಿಯ ಮೇಲೆ ಕಾವಲು ಕೂರುವುದು ಅವನ ಕೆಲಸ. ಕೂಲಿ ದವಸದಲ್ಲಿ. ನೀರು ಕಡಿಮೆಯಾದ ವರ್ಷ ಅಚ್ಚುಕಟ್ಟಿನ ಒಂದು ಭಾಗವನ್ನಷ್ಟೇ ಬೆಳೆದು, ಅದರಲ್ಲೇ ಎಲ್ಲರಿಗೂ ಪಾಲು ಹಂಚುವ ರೂಢಿಯೂ ಕೆಲವೆಡೆ ಇತ್ತು. ಇದನ್ನು ಸುವರ್ಣಯುಗ ಎಂದು ಕೊಂಡಾಡುವ ಭಾಷಣಗಳು ನನಗೆ ಹಿಡಿಸುವುದಿಲ್ಲ. ನೀರುಗಂಟಿ ಬಹುಪಾಲು ದಲಿತ. ನೀರು ಹಂಚುವ ಅಧಿಕಾರ ಅವನ ಕೈಯಲ್ಲಿದ್ದರೂ ಊರಬಾವಿಯಲ್ಲಿ ಸೇದುವ ಹಕ್ಕು ಅವನಿಗಿರಲಿಲ್ಲ. ಆದರೂ ಆ ವ್ಯವಸ್ಥೆಯಿಂದ ಕಲಿಯಬೇಕಾದದ್ದು ಒಂದಿದೆ. ಅದು ನಡೆದದ್ದು ಊರವರ ಒಳ್ಳೆಯತನದಿಂದಲ್ಲ, ನೀರು ಎಲ್ಲರ ಕಣ್ಣಿಗೆ ಕಾಣುತ್ತಿದ್ದುದರಿಂದ. ತೂಬಿನ ಕಲ್ಲಿನ ಮೇಲೆ ನೀರೆಷ್ಟು ಏರಿದೆ ಎಂದು ಮಕ್ಕಳಿಗೂ ಗೊತ್ತಾಗುತ್ತಿತ್ತು, ಕದ್ದವನೂ ಕಾಣುತ್ತಿದ್ದ.

ಬೋರು ಬಂದು ಕದಿಯುವವನನ್ನು ಮರೆಮಾಡಿತು. ಅವನಿಗೆ ತಾನು ಕದಿಯುತ್ತಿದ್ದೇನೆಂದೂ ಗೊತ್ತಿಲ್ಲ, ಕಾನೂನಿನ ಪ್ರಕಾರ ಅದು ಕಳ್ಳತನವೂ ಅಲ್ಲ. 1882ರ ಈಸ್‌ಮೆಂಟ್ ಕಾಯ್ದೆ ಹೊಳೆಯ ಹಾಗೆ ಗೊತ್ತಾದ ಪಾತ್ರದಲ್ಲಿ ಹರಿಯದೆ ನೆಲದಡಿ ಇರುವ ನೀರನ್ನು ಆ ನೆಲದ ಒಡೆಯನೇ ಎತ್ತಿಕೊಳ್ಳಬಹುದು ಎಂದಿತು. (ಬೆಂಗಳೂರಿನ ಸ್ಯಾಂಕಿ ಕೆರೆ ಕಟ್ಟಿದ್ದೂ ಅದೇ ವರ್ಷ. ಒಂದು ಕೈಯಲ್ಲಿ ಕೆರೆ, ಇನ್ನೊಂದರಲ್ಲಿ ಕೆರೆ ಬತ್ತಿಸುವ ಕಾನೂನು.) ಕರ್ನಾಟಕ 2011ರಲ್ಲಿ ಅಂತರ್ಜಲ ಕಾಯ್ದೆ ತಂದಿದೆ, ಆದರೆ ನನ್ನ ಜಮೀನಿನ ಕೆಳಗಿನದು ನನ್ನದೇ ಎಂಬ ಭಾವನೆ ಕಾಗದದಿಂದ ಅಳಿಯುವಂಥದ್ದಲ್ಲ. ಕೆರೆಗೊಂದು ಬಳಕೆದಾರರ ಸಂಘ ಕಟ್ಟಿ ಹೂಳೆತ್ತಿಸುವ ಯೋಜನೆ 2002ರಿಂದ ನಡೆಯಿತು, ಒಳ್ಳೆಯ ಕೆಲಸವೇ. ಆದರೆ ಸಂಘ ಒಂದು ಕೆರೆಯದ್ದು, ಹರಿವು ಇಡೀ ಸರಪಣಿಯದ್ದು. ಮೇಲಿನ ಊರು ಹುರುಪಿನಿಂದ ನಾಲ್ಕು ಚೆಕ್ ಡ್ಯಾಮು, ಹತ್ತು ಕೃಷಿಹೊಂಡ ಮಾಡಿ ಫೋಟೊ ಹಾಕಿಸಿಕೊಂಡಾಗ ಕೆಳಗಿನ ಕೆರೆಯನ್ನು ಕೇಳಿದವರಾರು? ಶೇಷದ ಲೆಕ್ಕ ಗೊತ್ತಿದ್ದವರಿಗೆ ಅದು ನೀರಿನ ಉತ್ಪಾದನೆಯಲ್ಲ, ವರ್ಗಾವಣೆ.

ಕಾಣದ ನೀರನ್ನು ಕಾಣುವಂತೆ ಮಾಡುವ ಕೆಲಸ ನಮ್ಮ ಪಕ್ಕದಲ್ಲೇ ನಡೆದಿದೆ. ಅಂದಿನ ಆಂಧ್ರಪ್ರದೇಶದ ಏಳು ಬರಪೀಡಿತ ಜಿಲ್ಲೆಗಳಲ್ಲಿ, ಅನಂತಪುರ ಚಿತ್ತೂರುಗಳೂ ಸೇರಿದಂತೆ, 2000ದ ದಶಕದಲ್ಲಿ ರೈತರೇ ಅಂತರ್ಜಲ ನಿರ್ವಹಿಸುವ ಯೋಜನೆಯೊಂದಕ್ಕೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಜೊತೆಗೂಡಿತ್ತು. ಕಂದಾಯ ಗ್ರಾಮದ ಗಡಿ ಬಿಟ್ಟು ಹಳ್ಳದ ಜಲಾನಯನವನ್ನೇ ಘಟಕ ಮಾಡಿಕೊಂಡರು. ರೈತರು, ಹೆಂಗಸರೂ ಸೇರಿ, ಮಳೆಮಾಪಕ ಓದಿದರು, ಆಯ್ದ ಬೋರುಗಳಿಗೆ ಅಳತೆಪಟ್ಟಿ ಇಳಿಸಿ ಮಟ್ಟ ಬರೆದಿಟ್ಟರು. ಹಿಂಗಾರು ಬಿತ್ತನೆಗೆ ಮೊದಲು ಸಭೆ. ಮಳೆ ಇಷ್ಟಾಯಿತು, ನೆಲದಲ್ಲಿ ಇಷ್ಟಿದೆ, ನೀವೆಲ್ಲ ಹಾಕಬೇಕೆಂದಿರುವ ಬೆಳೆಗೆ ಇಷ್ಟು ಬೇಕು, ಕೊರತೆ ಇಷ್ಟು. ದಂಡವಿಲ್ಲ, ಕಟ್ಟುಪಾಡಿಲ್ಲ. ಲೆಕ್ಕ ನೋಡಿ ಭತ್ತ ಬಿಟ್ಟು ಕಡಿಮೆ ನೀರಿನ ಬೆಳೆಗೆ ತಿರುಗಿದವರು ಹಲವರು, ಪರೋಪಕಾರಕ್ಕೇನಲ್ಲ, ಮಾರ್ಚಿಯಲ್ಲಿ ಬೋರು ಕೈಕೊಟ್ಟರೆ ಹಾಕಿದ ಬಂಡವಾಳ ಹೋಗುತ್ತದೆಂದು.

ಅರ್ಕಾವತಿಯಲ್ಲಿ ಇನ್ನೊಂದು ತೊಡಕಿದೆ. ನೀರು ಉಳಿಸುವವನು ದೊಡ್ಡಬಳ್ಳಾಪುರದ ರೈತ, ಕೆಳಗೆ ಕುಡಿಯುವವನು ಬೆಂಗಳೂರಿನವನು. ತಾನು ಯಾಕೆ ಬಿಡಬೇಕೆಂದು ರೈತ ಕೇಳಿದರೆ ತಪ್ಪಿಲ್ಲ. ನ್ಯೂಯಾರ್ಕ್ ನಗರ 1997ರಲ್ಲಿ ತನ್ನ ಕುಡಿಯುವ ನೀರಿನ ಮೂಲವಾದ ಕ್ಯಾಟ್‌ಸ್ಕಿಲ್ ಬೆಟ್ಟಸೀಮೆಯ ಊರುಗಳೊಡನೆ ಒಪ್ಪಂದ ಮಾಡಿಕೊಂಡು, ಹೊಲ, ಕೊಟ್ಟಿಗೆ, ಚರಂಡಿಗಳನ್ನು ಸರಿಪಡಿಸಲು ತಾನೇ ಹಣ ಕೊಟ್ಟಿತು. ಅದು ನೀರಿನ ಶುದ್ಧತೆಗೆ, ನಮ್ಮದು ಪ್ರಮಾಣದ ಪ್ರಶ್ನೆ. ಆದರೂ ಕೇಳುವವನು ಕೊಡಬೇಕು ಎಂಬ ತತ್ವ ಒಂದೇ. ನಾವಾದರೋ ಪಶ್ಚಿಮಘಟ್ಟದಿಂದ ನೀರು ಎತ್ತಿ ತರುವ ಎತ್ತಿನಹೊಳೆಗೆ 23,000 ಕೋಟಿ ರೂಪಾಯಿ ದಾಟಿದ ಅಂದಾಜನ್ನು ಒಪ್ಪಿಕೊಂಡಿದ್ದೇವೆ.

ಮೊದಲಿನ 60 ಮಿಲಿಮೀಟರನ್ನು ಎಕರೆಗೆ ಇಳಿಸಿದರೆ ವರ್ಷಕ್ಕೆ ಸುಮಾರು 2,40,000 ಲೀಟರ್. ಗಂಟೆಗೆ 10,000 ಲೀಟರ್ ಎತ್ತುವ ಪಂಪಿಗೆ ಅದು ಒಂದು ಹಗಲು, ಒಂದು ರಾತ್ರಿಯ ಕೆಲಸ. ಉಳಿಸಿದ್ದೆಲ್ಲ ಅದೇ ವರ್ಷ ಹೊಳೆಗೆ ಬಂದುಬಿಡುವುದಿಲ್ಲ, ಬರಿದಾದ ಪದರ ಮೊದಲು ತುಂಬಬೇಕು, ಅದಕ್ಕೆ ಹಲವು ಮಳೆಗಾಲ ಹಿಡಿಯಬಹುದು. ಅಲ್ಲಿಯವರೆಗೆ ಎಕರೆಗೆ ಒಂದು ದಿನ ಪಂಪು ನಿಲ್ಲಿಸುವುದಕ್ಕೆ ಎಷ್ಟು ಕೊಡುತ್ತೀರಿ ಎಂದು ಮೇಲಿನೂರಿನವರು ಕೇಳಬೇಕು, ಬೆಂಗಳೂರು ತನ್ನ ನೀರಿನ ಬಿಲ್ಲಿನಲ್ಲಿ ಅದಕ್ಕೊಂದು ಸಾಲು ಸೇರಿಸಬೇಕು.