ಮಷೀನು ರಕ್ತ ಕೇಳುವುದಿಲ್ಲ

ಖಂಡೇನವಮಿ ದಿನ ನಮ್ಮ ಓಣಿಯ ಬಡಿಗೇರ ಕಾಕಾ ಅವರ ಶೆಡ್ಡಿಗೆ ಹೋಗಿದ್ದೆ. ಅಲ್ಲಿದ್ದದ್ದು ಟೇಬಲ್ ಸಾ, ಅಂದರೆ ಮೇಜಿನ ಸೀಳಿನಿಂದ ದುಂಡು ಬ್ಲೇಡು ಮೇಲೆದ್ದು ತಿರುಗುವ ಗರಗಸದ ಮಷೀನು. ಅದಕ್ಕೆ ಅರಿಷಿಣ, ಕುಂಕುಮ, ಚೆಂಡು ಹೂವಿನ ಮಾಲೆ, ಮೇಲೊಂದು ಲಿಂಬೆಹಣ್ಣು. ಚುರಮುರಿ ತಿನ್ನುತ್ತಾ, ನಾನೂ ಒಂದು ಟೇಬಲ್ ಸಾ ತಗೊಳ್ಳುತ್ತೇನೆ, ರಜೆಯಲ್ಲಿ ಮನೆಗೆ ಬೇಕಾದ ಮೇಜು, ಕಪಾಟು ಮಾಡಿಕೊಳ್ಳುತ್ತೇನೆ ಅಂದೆ. ಅವರು ಎಡಗೈ ಎತ್ತಿ ತೋರಿಸಿದರು. ತೋರುಬೆರಳು ಅರ್ಧವೇ ಇತ್ತು.

“ತಗೋರಿ ಸರ. ಆದ್ರ ಮಷೀನ ಒಂದ ಸಲ ರಕ್ತ ಕೇಳ್ತದ. ಕೊಟ್ಟ ಮ್ಯಾಲೆ ಸುಮ್ನ ಆಗ್ತದ.”

ಪೂಜೆಗೆ ನನ್ನ ತಕರಾರಿಲ್ಲ. ವರ್ಷಕ್ಕೊಮ್ಮೆಯಾದರೂ ಮಷೀನಿನ ಧೂಳು ಒರೆಸುತ್ತಾರಲ್ಲ. ಸಿಟ್ಟು ಬರುವುದು ಈ ರಕ್ತದ ಮಾತಿಗೆ. ಬೆರಳು ಹೋಗುವುದು ಹಣೆಬರಹ ಅಂತ ಒಪ್ಪಿಕೊಂಡವರು, ಅದು ಹೋದದ್ದು ಹೇಗೆ ಅಂತ ಕೇಳುವುದನ್ನೇ ಬಿಡುತ್ತಾರೆ. ನಾನು ಕೇಳಿದೆ. “ಹಲಗಿ ಜಿಗೀತ್ರಿ. ಕೈ ಒಳಗ ಹೋತು” ಅಂದರು.

ಹಲಗೆ ಜಿಗಿಯಿತು. ಇಡೀ ಕಥೆ ಈ ಎರಡು ಪದದಲ್ಲಿದೆ.

ಯಲ್ಲಮ್ಮನ ಜಾತ್ರೆಯ ದೊಡ್ಡ ತಿರುಗು ತೊಟ್ಟಿಲು ನೆನಪು ಮಾಡಿಕೊಳ್ಳಿ. ನಿಮ್ಮ ಕಡೆಯ ತೊಟ್ಟಿಲುಗಳು ಕೆಳಗೆ ಇಳಿಯುತ್ತಿವೆ. ಆಚೆ ಕಡೆಯವು ಮೇಲೇರಿ, ನೆತ್ತಿ ದಾಟಿ, ನಿಮ್ಮತ್ತಲೇ ಬರುತ್ತಿವೆ. ಟೇಬಲ್ ಸಾ ಬ್ಲೇಡು ತಿರುಗುವುದು ಹೀಗೆಯೇ. ನಿಮ್ಮ ಕಡೆಯ ಹಲ್ಲುಗಳು ಹಲಗೆಯನ್ನು ಮೇಜಿಗೆ ಒತ್ತಿ ಹಿಡಿಯುತ್ತವೆ, ಅವು ಗೆಳೆಯರು. ಹಿಂದಿನ ಹಲ್ಲುಗಳು ಮೇಲೇಳುತ್ತವೆ. ಆಚೆ ನಿಂತವರು ಏರುವ ತೊಟ್ಟಿಲಿಗೆ ಒಂದು ಚೀಲ ಸಿಕ್ಕಿಸಿದರು ಅಂದುಕೊಳ್ಳಿ. ಅದು ನೆತ್ತಿ ದಾಟಿ ನಿಮ್ಮ ಮಡಿಲಿಗೇ ಬೀಳುತ್ತದೆ, ಅಲ್ವಾ? ಆ ಚೀಲವೇ ನಿಮ್ಮ ಹಲಗೆ. ಕೆಸರಿನಲ್ಲಿ ಸಿಕ್ಕ ಟ್ರ್ಯಾಕ್ಟರ್ ಗಾಲಿ ಕಲ್ಲು ಎಸೆಯುವುದೂ ಇದೇ ಲೆಕ್ಕ. ವೇಗ ಮಾತ್ರ ಬೇರೆ. 10 ಇಂಚಿನ ಬ್ಲೇಡು ನಿಮಿಷಕ್ಕೆ 4,000 ಸುತ್ತು ತಿರುಗಿದರೆ ಹಲ್ಲಿನ ವೇಗ ಗಂಟೆಗೆ ಸುಮಾರು 190 ಕಿಲೋಮೀಟರ್. ಆ ವೇಗದಲ್ಲಿ ಬೆಳಗಾವಿಯಿಂದ ಧಾರವಾಡಕ್ಕೆ ಅರ್ಧ ತಾಸು ಬೇಡ. ಹಲಗೆ ಹಾರುವಾಗ ಅದನ್ನು ಒತ್ತಿ ಹಿಡಿದಿದ್ದ ಕೈ ಜಾರಿ ಬ್ಲೇಡಿನ ಮೇಲೆ ಹೋಗುತ್ತದೆ. ಇದಕ್ಕೆ ಕಿಕ್‌ಬ್ಯಾಕ್ ಅನ್ನುತ್ತಾರೆ.

ಹಲಗೆ ಹಿಂದಿನ ಹಲ್ಲಿಗೆ ತಾಗುವುದಾದರೂ ಯಾಕೆ? ಒಂದು ಕಾರಣ ಮರದ ಒಳಗೇ ಇದೆ. ಉಳ್ಳಾಗಡ್ಡಿಯ ಹಸಿರು ದಂಟನ್ನು ಉದ್ದಕ್ಕೆ ಸೀಳಿ ನೀರಿಗೆ ಹಾಕಿ ನೋಡಿ. ಎಳೆಗಳು ಸುರುಳಿಯಾಗುತ್ತವೆ. ಒಳಗೆ ಬಿಗಿ ಇತ್ತು, ಸೀಳಿದ ಮೇಲೆ ಬಿಡುಗಡೆಯಾಯಿತು. ಮರವೂ ಹಾಗೇ. ಖಾನಾಪುರದ ಕಡೆ ಇಳಿಜಾರಿನಲ್ಲಿ ಬಾಗಿ ಬೆಳೆದ ಮರ, ನೆಟ್ಟಗಾಗಲು ಬಾಗಿದ ಕಾಂಡದ ಮೇಲ್ಭಾಗದಲ್ಲಿ ಎಳೆತ ಇಟ್ಟುಕೊಂಡೇ ಬೆಳೆದಿರುತ್ತದೆ. ಅವಸರದಲ್ಲಿ ಒಣಗಿಸಿದ ಹಲಗೆಯಲ್ಲೂ ಹೊರಗೊಂದು ಬಿಗಿ, ಒಳಗೊಂದು ಬಿಗಿ. ಅರ್ಧ ಕೊಯ್ಯುವಷ್ಟರಲ್ಲಿ ಸೀಳಿನ ಎರಡು ತುಟಿ ಮುಚ್ಚಿ ಬ್ಲೇಡನ್ನು ಚಿವುಟುತ್ತವೆ. ಇನ್ನೊಂದು ಕಾರಣ ಫೆನ್ಸು. ಕೊಯ್ಯುವಾಗ ಹಲಗೆಯನ್ನು ಒರಗಿಸಿ ತಳ್ಳುವ ಆ ಗೋಡೆ ಹಿಂದುಗಡೆ ಒಂದೆರಡು ಕೂದಲೆಳೆ ಬ್ಲೇಡಿನ ಕಡೆ ವಾಲಿದ್ದರೂ ಸಾಕು, ಹಲಗೆ ಗಾಣಕ್ಕೆ ಕೊಟ್ಟ ಕಬ್ಬಿನ ಹಾಗೆ ಸಿಕ್ಕಿಕೊಳ್ಳುತ್ತದೆ. ಗಾಣ ಕಬ್ಬನ್ನು ಆಚೆ ಎಳೆಯುತ್ತದೆ, ಇದು ನಿಮ್ಮ ಕಡೆ ಎಸೆಯುತ್ತದೆ, ಅಷ್ಟೇ ವ್ಯತ್ಯಾಸ. ನನಗೂ ಒಮ್ಮೆ ಒಂದು ಸಾಗವಾನಿ ಪಟ್ಟಿ ಹೊಟ್ಟೆಗೆ ಬಡಿದು ವಾರಗಟ್ಟಲೆ ನೀಲಿ ಗುರುತು ಇತ್ತು. ಫೆನ್ಸು ಅಳೆದಿರಲಿಲ್ಲ, ತಪ್ಪು ನನ್ನದೇ.

ಈಗ ಅಂಗಡಿಗೆ ಹೋಗೋಣ. ಎಲ್ಲರೂ ಕೇಳುವ ಮೊದಲ ಪ್ರಶ್ನೆ “ಎಷ್ಟು ಎಚ್‌ಪಿ?” ಮನೆ ಹವ್ಯಾಸಕ್ಕೆ ಒಂದೂವರೆಯಿಂದ ಎರಡು ಸಾಕು. ಮೊದಲು ಕೇಳಬೇಕಾದದ್ದು ಬ್ಲೇಡಿನ ಹಿಂದೆ ನಿಲ್ಲುವ ಅಂಗೈಯಗಲದ ಉಕ್ಕಿನ ತಗಡು. ಅದೇ ರೈವಿಂಗ್ ನೈಫ್. ಸೀಳು ಮುಚ್ಚದಂತೆ ನಡುವೆ ನಿಂತು, ಹಲಗೆ ಹಿಂದಿನ ಹಲ್ಲಿಗೆ ತಾಗದಂತೆ ಕಾಯುತ್ತದೆ. ಜಗಳದಲ್ಲಿ ಇಬ್ಬರ ನಡುವೆ ನಿಲ್ಲುವ ಹಿರಿಯರ ಹಾಗೆ. ಬ್ಲೇಡನ್ನು ಏರಿಸಿದರೆ ಏರಬೇಕು, ಇಳಿಸಿದರೆ ಇಳಿಯಬೇಕು. ಅದರ ದಪ್ಪ, ಬ್ಲೇಡಿನ ತಟ್ಟೆಗಿಂತ ಜಾಸ್ತಿ, ಹಲ್ಲು ಕೊಯ್ಯುವ ಅಗಲಕ್ಕಿಂತ ಕಡಿಮೆ ಇರಬೇಕು. ತಟ್ಟೆ 1.8 ಮಿಲಿಮೀಟರ್, ಕೊಯ್ತ 2.8 ಇದ್ದರೆ ತಗಡು 2.2ರ ಸುಮಾರು. ಹೊಸ ಬ್ಲೇಡು ಕೊಳ್ಳುವಾಗ ಈ ಮೂರು ಅಂಕಿ ಚೀಟಿಯಲ್ಲಿ ಬರೆದುಕೊಂಡು ಹೋಗಿ. ನಡುವಿನ ತೂತಿನ ಅಳತೆಯನ್ನೂ ಬರೆದುಕೊಳ್ಳಿ, ಇಲ್ಲದಿದ್ದರೆ ಬ್ಲೇಡು ವಾಪಸ್ ಕೊಡಲು ಇನ್ನೊಂದು ಓಡಾಟ.

ನಮ್ಮ ಕಡೆ ಮಾರ್ಬಲ್ ಕಟರನ್ನು ಪ್ಲೈವುಡ್ಡಿನ ಕೆಳಗೆ ತಲೆಕೆಳಗಾಗಿ ಬಿಗಿದು ಟೇಬಲ್ ಸಾ ಅನ್ನುತ್ತಾರೆ. ಕಲ್ಲು ಕೊಯ್ಯಲು ಮಾಡಿದ, ನಿಮಿಷಕ್ಕೆ 12,000ದ ಆಸುಪಾಸಿನಲ್ಲಿ ಸುತ್ತುವ ಯಂತ್ರ ಅದು. ತಗಡಿಗೆ ಜಾಗವೇ ಇಲ್ಲ. ದುಡ್ಡು ಉಳಿಯುತ್ತದೆ ಅಂತ ದಯವಿಟ್ಟು ಅದಕ್ಕೆ ಹೋಗಬೇಡಿ.

ಈ ಯಂತ್ರದ ಇತಿಹಾಸದಲ್ಲೂ ಕಟ್ಟುಕತೆಗೆ ಬರವಿಲ್ಲ. ಅಮೆರಿಕದ ಟ್ಯಾಬಿಥಾ ಬ್ಯಾಬಿಟ್ ಎಂಬ ಹೆಣ್ಣುಮಗಳು 1813ರಲ್ಲಿ, ಇಬ್ಬರು ಗರಗಸ ಎಳೆಯುವುದನ್ನು ನೋಡಿ, ನೂಲುವ ರಾಟೆಗೆ ಹಲ್ಲಿನ ತಗಡು ಕಟ್ಟಿ ದುಂಡು ಗರಗಸ ಕಂಡುಹಿಡಿದಳು ಅನ್ನುತ್ತಾರೆ. ಕೇಳಲು ಚೆಂದ. ಆದರೆ ಇಂಗ್ಲೆಂಡಿನ ಸ್ಯಾಮ್ಯುಯೆಲ್ ಮಿಲ್ಲರ್‌ಗೆ 1777ರಲ್ಲೇ ಸಿಕ್ಕ ಪೇಟೆಂಟಿನಲ್ಲಿ ದುಂಡು ಗರಗಸದ ಮಾತಿದೆ. ಅಮೆರಿಕದವನೇ ಆದ ಸ್ಟೀವ್ ಗ್ಯಾಸ್ ಕತೆ ಮಾತ್ರ ನಿಜ. ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿ ವಕೀಲನಾದವನು. 1999ರಲ್ಲಿ ಅವನಿಗೆ ಹೊಳೆದದ್ದು ಇದು: ಬ್ಲೇಡಿಗೆ ಸಣ್ಣ ವಿದ್ಯುತ್ ಸಂಕೇತ ಕೊಟ್ಟರೆ, ಬೆರಳು ತಾಗಿದ ಕ್ಷಣ ಅದರಲ್ಲೊಂದಿಷ್ಟನ್ನು ಮೈ ಹೀರಿಕೊಳ್ಳುತ್ತದೆ. ಸಂಕೇತ ಕುಸಿದದ್ದೇ ತಡ, ಅಲ್ಯೂಮಿನಿಯಂ ತುಂಡೊಂದು ಹಲ್ಲಿಗೆ ಚಿಮ್ಮಿ ಸುಮಾರು 5 ಮಿಲಿಸೆಕೆಂಡಿನಲ್ಲಿ ಬ್ಲೇಡು ನಿಲ್ಲುತ್ತದೆ. ತಡೆ ಇಲ್ಲದಿದ್ದರೂ 4,000 ಸುತ್ತಿನ ಬ್ಲೇಡು ಅಷ್ಟರಲ್ಲಿ ಸುತ್ತಿನ ಮೂರನೇ ಒಂದು ಭಾಗವನ್ನಷ್ಟೇ ಮುಗಿಸಿರುತ್ತಿತ್ತು! ಅವನು ಬೆರಳಿನ ಬದಲು ಮಾಂಸದ ಸಾಸೇಜು ತಾಗಿಸಿ ತೋರಿಸುತ್ತಿದ್ದ. ಸಾಸ್ಟಾಪ್ ಹೆಸರಿನಲ್ಲಿ ಅದು 2004ರಿಂದ ಮಾರಾಟಕ್ಕಿದೆ. ರಕ್ತ ಕೇಳುವ ಮಷೀನಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. ಆದರೂ ಹಲಗೆ ಹಾರುವುದನ್ನು ಇದು ತಡೆಯುವುದಿಲ್ಲ. ಅಲ್ಲಿ ತಗಡೇ ಬೇಕು.

ಉಳಿದದ್ದು ಬೇಗ ಹೇಳುತ್ತೇನೆ. ಮಷೀನಿನ ಮೇಜು ಬೀಡಿನದಾದರೆ, ಅಂದರೆ ಎರಕದ ಕಬ್ಬಿಣದ್ದಾದರೆ, ಒಳ್ಳೆಯದು. ಬೀಡಿನೊಳಗಿನ ಗ್ರಾಫೈಟ್ ಚೂರುಗಳು ಅದುರುವಿಕೆಯನ್ನು ನುಂಗುತ್ತವೆ. ಗುಡಿಯ ಗಂಟೆಯನ್ನು ಕಂಚಿನಲ್ಲಿ ಎರೆದು, ಮಷೀನಿನ ಮೈಯನ್ನು ಬೀಡಿನಲ್ಲಿ ಎರೆಯುವುದು ಅದಕ್ಕೇ. ನಮ್ಮ ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಆದರೆ ಬೆಳಗಾವಿ ಮಳೆಗೆ ತುಕ್ಕು ಹಿಡಿಯುತ್ತದೆ, ಮೇಣ ಸವರಬೇಕು. ಬ್ಲೇಡು ಎರಡು ಇರಲಿ. ಕಬ್ಬನ್ನು ಉದ್ದಕ್ಕೆ ಸಿಗಿಯುವುದು ಸುಲಭ, ಅಡ್ಡ ಕೊಯ್ಯಲು ಹರಿತ ಬೇಕು. ಮರವೂ ನಾರಿನ ಕಟ್ಟು. ಉದ್ದಕ್ಕೆ ಸೀಳಲು 24 ಹಲ್ಲು, ನಡುವೆ ಹೊಟ್ಟು ತುಂಬಿಕೊಳ್ಳಲು ದೊಡ್ಡ ಗುಂಡಿಗಳು. ಅಡ್ಡ ಕೊಯ್ತಕ್ಕೆ, ಪ್ಲೈವುಡ್ಡಿಗೆ 60. ಕೈ ಬದಲು ಹಲಗೆಯನ್ನು ತಳ್ಳುವ ಪುಶ್ ಸ್ಟಿಕ್ಕನ್ನು ಚೂರು ಪ್ಲೈವುಡ್ಡಿನಲ್ಲಿ ನೀವೇ ಮಾಡಿಕೊಳ್ಳಿ. ಕೈಗವಸು ಬೇಡವೇ ಬೇಡ, ಹಲ್ಲು ಬಟ್ಟೆಯನ್ನು ಹಿಡಿದು ಕೈಯನ್ನೂ ಎಳೆದುಕೊಳ್ಳುತ್ತದೆ. ಮಾಸ್ಕು ಬೇಕು, ಮರದ ಧೂಳು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿದೆ.

ಇಷ್ಟನ್ನೂ ಕಾಕಾಗೆ ವಿವರಿಸಿದೆ. ಎಲ್ಲ ಕೇಳಿ, ಬಗ್ಗಿ ತಮ್ಮ ಮಷೀನಿನ ಹಿಂದೆ ನೋಡಿದರು. ಅಲ್ಲಿ ತಗಡು ಕೂರಿಸುವ ಎರಡು ಬೋಲ್ಟಿನ ತೂತುಗಳು ಖಾಲಿ ಇದ್ದವು. “ಅಡ್ಡ ಬರ್ತೈತಂತ ನಾನ ಬಿಚ್ಚಿ ಒಗದಿದ್ನಿ” ಅಂದರು.